ಕುತ್ತಿಗೆಯ ಹಗ್ಗ

ಲಾಳದ ಸಾಬರ ತುಟಿಗಳ ನಡುವೆ ಸದಾ ನಾಲ್ಕೈದು ಮೊಳೆಗಳಿರುತ್ತಿದ್ದವು. ಬಾಯಿಯ ಇನ್ನೊಂದು ಮೂಲೆಯಿಂದ ಮಾತು. ನೋಡಿದಾಗಲೆಲ್ಲ ನನಗೆ ಭಯ. "ನುಂಗಿಬಿಟ್ಟೀರಿ ಸಾಬ್ರೆ, ಬಿ ಕೇರ್‌ಫುಲ್!" ಅನ್ನುತ್ತಿದ್ದೆ. "ನಲವತ್ತು ವರ್ಸದಿಂದ ನುಂಗಿಲ್ಲ ಅಮ್ಮಾವ್ರೆ. ಇವತ್ತು ನೀವು ನೆಪ್ಪು ಮಾಡಿದ್ರಿ, ನುಂಗ್ಬುಡ್ತೀನೇನೋ!" ಎಂದು ಮೊಳೆ ಅಲುಗದ ಹಾಗೆ ನಗುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ನಮ್ಮ ಬೀದಿ ಹೊಳೆಯ ಕಡೆಗೆ ಇಳಿಯುವ ತಿರುವಿನಲ್ಲಿ ಅವರ ಜಾಗ, ಪಕ್ಕದಲ್ಲೇ ಅವರ ಟಾಂಗಾ, ಕುದುರೆ. ಟ್ರಾಕ್ಟರು ಬಂದು ಎತ್ತುಗಳು ಕಡಿಮೆಯಾದರೂ ಪಾಂಡವಪುರದ ಕಡೆಯವರು ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಲಾಳ ಹೊಡೆಯಲು ಎತ್ತನ್ನು ಕೆಡವಿ ಕಾಲು ಕಟ್ಟುವ ಮುಂಚೆ ಅದರ ಕಿವಿಯಲ್ಲಿ ಉರ್ದುವಿನಲ್ಲಿ ಏನೋ ಹೇಳುವರು. ಏನದು ಸೀಕ್ರೆಟ್ ಎಂದು ಒಮ್ಮೆ ಕೇಳಿದೆ.

"ಮಾಫ್ ಕರೋ ಅಂತೀನಿ. ಕನ್ನಡದಲ್ಲಿ ಏಳಿದ್ರೆ ಪಕ್ಕದಲ್ಲಿರೋ ಗೌಡ್ರಿಗೂ ಕೇಳುಸ್ಬುಡ್ತದೆ. ನಾಚ್ಕೆ."

ಒಂದು ಮಳೆಗಾಲ ಕನ್ನಂಬಾಡಿ ಕಟ್ಟೆ ತುಂಬಿ ಗೇಟು ತೆಗೆದರು. ಬೆಳಿಗ್ಗೆಯೇ ಆಟೋಗೆ ಮೈಕು ಕಟ್ಟಿಕೊಂಡು ಸಾರಿಹೋದರು. ನಾನು ಬಹಳ ಪ್ರಾಕ್ಟಿಕಲ್ ಆಗಿ ಯೋಚಿಸಿದೆನೆಂದುಕೊಂಡು, ತುಂಬುಗಬ್ಬದ ನನ್ನ ಹಸುವನ್ನು ಹಿತ್ತಲ ಕೊಟ್ಟಿಗೆಯಲ್ಲಿ ಎರಡೆರಡು ಹಗ್ಗ ಹಾಕಿ ಬಿಗಿದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನ ಜೊತೆಗೆ ಉಸಿರಾಡುತ್ತಿದ್ದದ್ದು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಹಿತ್ತಲಿಗೂ ನೀರು, ಮುಂದಿನ ಬೀದಿಗೂ ನೀರು. ಸಾಬರು ಸೊಂಟದುದ್ದದ ನೀರಿನಲ್ಲಿ ನಡೆದು ಬಂದರು.

"ಹಸ ಬಿಚ್ಚಿ ಅಮ್ಮಾವ್ರೆ."

ಗೂಟದಿಂದ ಬಿಚ್ಚಿ ಹಗ್ಗ ಕೈಯಲ್ಲಿ ಹಿಡಿದುಕೊಂಡೆ.

"ಕುತ್ತಿಗೇದೂ ತೆಗೀರಿ."

"ನೋ! ಅದೊಂದು ಆಗೋದಿಲ್ಲ."

ನಮ್ಮ ಕಡೆ ಕುತ್ತಿಗೆಯ ಹಗ್ಗ ತೆಗೆಯುವುದು ಹಸು ಮಾರಿದಾಗ ಮಾತ್ರ. ಕೊಂಡವರು ತಮ್ಮ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು, ನಮ್ಮದು ನಮ್ಮ ಮನೆಯಲ್ಲೇ ಉಳಿಯಬೇಕು. ಹಗ್ಗ ಕಳಚಿದರೆ ಆ ಹಸುವಿನ ಋಣ ತೀರಿತು ಎಂದು ನಮ್ಮತ್ತೆ ಹೇಳುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದವಳು ನಾನು, ನಗುತ್ತಿದ್ದೆ. ಆ ದಿನ ಮಾತ್ರ ಬೀದಿಯವರೆಲ್ಲರ ಹಾಗೆ ನಾನೂ ಹಗ್ಗ ಬಿಡಲಿಲ್ಲ.

"ಅಗ್ಗ ಯಾವ್ದಾದ್ರೂ ಬೇಲಿಗೆ ಸಿಕ್ಕಾಕ್ಕೊಂಡ್ರೆ ನಿಂತಲ್ಲೇ ಮುಳುಗ್ತದೆ ಕಣಮ್ಮಾ! ಈಜೋದು ಅದಕ್ಕೆ ಗೊತ್ತು, ಗಂಟು ಬಿಚ್ಚೋದು ಗೊತ್ತಿಲ್ಲ" ಎಂದವರೇ ಗೊರಸು ಸವರುವ ಉಳಿಯಿಂದ ಹಗ್ಗ ಕಡಿದು, ಬೆನ್ನಿಗೊಂದು ಏಟು ಹಾಕಿದರು. ನನ್ನ ಹಸು ನೀರಿಗಿಳಿಯಿತು. ಸ್ವಲ್ಪ ಹೊತ್ತು ಕೊಂಬುಗಳು ಕಂಡವು, ಆಮೇಲೆ ಅವೂ ಇಲ್ಲ.

"ಹೌ ಡೇರ್ ಯು!" ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ.

"ಇಂಗ್ಲೀಸ್ನಲ್ಲಿ ಬೈದ್ರೆ ನಂಗೆ ತಾಕಕಿಲ್ಲ. ನೀರಿಳೀಲಿ, ಕನ್ನಡದಲ್ಲಿ ಬೈಯೀರಂತೆ. ಈಗ ಮಹಡಿ ಅತ್ತಿ" ಎಂದು ನನ್ನ ತೋಳು ಹಿಡಿದು ಮೆಟ್ಟಿಲಿಗೆ ದಾಟಿಸಿ, ಪಕ್ಕದ ಮನೆಯ ಎಮ್ಮೆಗಳ ಕಡೆಗೆ ಹೋದರು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸಂಜೆ ಎದೆಮಟ್ಟ ಕೆಸರು ಮೆತ್ತಿಕೊಂಡು ಸಾಬರು ಬಾಗಿಲಲ್ಲಿ ನಿಂತಿದ್ದರು.

"ಏಳಿ ಅಮ್ಮಾವ್ರೆ. ಮಹದೇವಪುರದ ತಾವ ದಿಬ್ಬದ ಮೇಲವಳೆ ನಿಮ್ಮ ಮಗಳು. ಎಣ್ಣು ಕರ ಆಕವಳೆ. ಮಾಸು ಬೀಳೋಗಂಟ ಅಲ್ಲೇ ಕುಂತಿದ್ದೆ, ಅದಕ್ಕೇ ತಡ ಆಯ್ತು."

ನಾನು ಅಳುತ್ತಲೇ, ಕೂತುಕೊಳ್ಳಿ, ಕಾಫಿ ಮಾಡ್ತೀನಿ ಅಂದೆ. "ಆಮ್ಯಾಕೆ ಕುಡೀತೀನಿ, ಒಸಿ ಕೆಲ್ಸ ಅದೆ" ಎಂದು ಮತ್ತೆ ಹೊಳೆಯ ಕಡೆಗೇ ಇಳಿದುಹೋದರು.

ಸಾಬರು ಹೋದ ವರ್ಷ ತೀರಿಕೊಂಡರು. ಅವರ ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂತಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡು, "ನಿಮ್ಮ ಹಸ ಸಿಕ್ಕಿದ ದಿನ ಭಾಳ ಖುಸಿಯಾಗಿದ್ರು ಅಮ್ಮಾ. ನಮ್ಮ ಕುದ್ರೇನೂ ಸಿಕ್ಕೇ ಸಿಗ್ತದೆ ಅಂತ ಇನ್ನೂ ಎಂಟು ದಿನ ಹೊಳೆ ದಂಡೇಲಿ ತಿರುಗಿದ್ರು" ಅಂದರು.

ಟಾಂಗಾಕ್ಕೆ ಕಟ್ಟುತ್ತಿದ್ದ ಹೆಣ್ಣು ಕುದುರೆ. ಆ ದಿನ ಅವರು ಮೊಟ್ಟಮೊದಲು ಕಡಿದ ಹಗ್ಗ ಅದರದಂತೆ.

ನೆರೆಯಾದ ಮೇಲೆ ಅವರ ಟಾಂಗಾ ಗೋಡೆಗೊರಗಿ ಸುಮ್ಮನೆ ನಿಂತದ್ದನ್ನು ನಾನು ದಿನಾ ನೋಡುತ್ತಿದ್ದೆ. ವಯಸ್ಸಾಯಿತಲ್ಲ, ಮಾರಿರಬೇಕು ಅಂದುಕೊಂಡೆ. ಹಾಲು ಕೊಟ್ಟು ಕಳಿಸಿದೆ, ಹಬ್ಬಕ್ಕೆ ಹೊಸ ಪಂಚೆ ಕೊಟ್ಟೆ, ಎದುರು ಸಿಕ್ಕಾಗಲೆಲ್ಲ ಥ್ಯಾಂಕ್ಯೂ ಅಂದೆ. ಕುದುರೆ ಎಲ್ಲಿ ಸಾಬ್ರೆ ಎಂದು ಒಂದು ದಿನವೂ ಕೇಳಲಿಲ್ಲ.