ಡ್ರಿಲ್ ಮೇಷ್ಟ್ರ ಕೊನೆಯ ಓಟ

ನಮ್ಮ ಡ್ರಿಲ್ ಮೇಷ್ಟ್ರು ಮೂವತ್ತು ವರ್ಷ ಒಂದೇ ಪಾಠ ಹೇಳಿದರು: “ಗೆಲ್ಲೋದು ಮುಖ್ಯ ಅಲ್ಲ, ಭಾಗವಹಿಸೋದು ಮುಖ್ಯ.” ಅದನ್ನು ಹೇಳುವಾಗ ಮಾತ್ರ ಬಾಯಿಂದ ಸೀಟಿ ತೆಗೆಯುತ್ತಿದ್ದುದರಿಂದ, ಅದು ದೊಡ್ಡ ಮಾತೇ ಇರಬೇಕೆಂದು ನಾವು ನಂಬಿದ್ದೆವು. ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುವ ಪಂದ್ಯದಲ್ಲಿ ನನ್ನ ಹೆಬ್ಬೆರಳು ಹಣ್ಣಿಗೆ ತಾಗಿತೆಂದು, ಆರನೇ ತರಗತಿಯಲ್ಲಿ ನನ್ನನ್ನು ಹೊರಗೆ ನಿಲ್ಲಿಸಿ, ಇಡೀ ಶಾಲೆಯೆದುರು ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಕೊರೆದಿದ್ದರು.

ಮುಂದೆ ನಾನು ಅದೇ ಶಾಲೆಗೆ ಗಣಿತದ ಮೇಷ್ಟ್ರಾಗಿ ಬಂದೆ. ಅವರು ನಿವೃತ್ತರಾದ ದಿನ ನಾವು ಮೇಷ್ಟ್ರುಗಳೆಲ್ಲ ಸೇರಿ ಅದೇ ಓಟ ಇಟ್ಟುಕೊಂಡೆವು. ಚಮಚ, ಹಣ್ಣು ಮನೆಯಿಂದಲೇ ತರಬೇಕೆಂಬ ನಿಯಮ ಅವರದೇ. ಮಂಡಿನೋವಿನ ಮನುಷ್ಯ ಕುದುರೆಯ ಹಾಗೆ ಓಡಿ ಮೊದಲಿಗರಾದರು. ಹೆಬ್ಬೆರಳು ಮಡಚಿಕೊಂಡು, ಉಸಿರು ಬಿಗಿಹಿಡಿದು ಓಡಿದ ನಾನು ಎರಡನೆಯವನಾದೆ.

ಅವರಿಗೆ ನನ್ನ ಮೇಲೆ ಕನಿಕರ ಉಕ್ಕಿತು. ಹತ್ತಿರ ಬಂದು, ಚಮಚ ಹಿಡಿದಿದ್ದ ಕೈಯನ್ನೇ ನನ್ನ ಹೆಗಲ ಮೇಲೆ ಹಾಕಿದರು.

“ಬೇಜಾರು ಮಾಡ್ಕೋಬೇಡಪ್ಪ. ಗೆಲ್ಲೋದು ಮುಖ್ಯ ಅಲ್ಲ.”

ಚಮಚ ನನ್ನ ಎದೆಯ ಮೇಲೆ ತಲೆಕೆಳಗಾಗಿ ನೇತಾಡುತ್ತಿತ್ತು. ನಿಂಬೆಹಣ್ಣು ಬೀಳಲಿಲ್ಲ, ಗೋಂದು ಚೆನ್ನಾಗಿ ಒಣಗಿತ್ತು.