ಬೇರಿನ ಬುಡಕ್ಕೆ ಬಂದ ಉಪ್ಪು

ಬೇಸಿಗೆಯಲ್ಲಿ ಹೊಲದಿಂದ ಬಂದ ನನ್ನ ಅತ್ತೆಯ ಹಿಮ್ಮಡಿಯ ಬಿರುಕುಗಳಲ್ಲಿ ಬಿಳಿಯ ಗೆರೆಗಳಿರುತ್ತಿದ್ದವು. ಹಿತ್ತಲ ಕಲ್ಲಿನ ಮೇಲೆ ನಿಂತು ಕಾಲು ತೊಳೆಯುವಾಗ ಉರಿಗೆ ಹಲ್ಲು ಕಚ್ಚುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಸುಣ್ಣವೆಂದುಕೊಂಡಿದ್ದೆ.

“ಸುಣ್ಣ ಅಲ್ಲವಾ, ಉಪ್ಪು. ನಮ್ಮ ಹೊಲಾ ಉಪ್ಪು ಕಾರಾಕತ್ತೈತಿ,” ಎಂದರು.

ಗುತ್ತಲದ ಆಚೆ, ತುಂಗಭದ್ರೆಯ ಕಡೆಗೆ ಇಳಿಜಾರಾಗಿ ನಮ್ಮ ಹೊಲ. ಹೊಳೆಗೆ ಪಂಪ್‌ಸೆಟ್ ಹಚ್ಚಿದ ಮೇಲೆ ವರ್ಷವಿಡೀ ನೀರು. ಬ್ಯಾಡಗಿ ಪೇಟೆಗೆ ಹೋಗುವ ಮೆಣಸಿನಕಾಯಿ ಬೆಳೆಯುತ್ತಿದ್ದೆವು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಆ ನೀರೇ ಒಳಗೆ ನಿಂತು, ಉಪ್ಪು ಮೇಲೇರಿ, ತಗ್ಗಿನ ಹೊಲಗಳು ಒಂದೊಂದಾಗಿ ಬೆಳ್ಳಗಾಗತೊಡಗಿದ್ದವು. ಮೊದಲು ಬದುವಿನಂಚಿಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಮರುವರ್ಷ ಅಲ್ಲಿ ಕರಿಕೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಅತ್ತೆ ಮಣ್ಣು ಕೆದರಿ, ನಾಲಿಗೆಯ ತುದಿಗಿಟ್ಟು, ಉಗುಳುತ್ತಿದ್ದರು. ಅವತ್ತು ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಸಸಿಮಡಿಯನ್ನು ಮಾತ್ರ ಯಾರ ಕೈಗೂ ಬಿಡುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಒಳಗೆ ಕಾಲಿಟ್ಟರೆ ಮಗನಿಗೂ ಬೈಗುಳ.

ಒಂದು ವರ್ಷ ಹೊಲದ ಮಣ್ಣನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು, ಹಾವೇರಿಗೆ ಬಸ್ಸು ಹತ್ತಿದರು. ಕೃಷಿ ಕಚೇರಿಯ ಅಧಿಕಾರಿ ಹೆಣ್ಣುಮಗಳು. ಮಣ್ಣು ಪರೀಕ್ಷೆ ಮಾಡಿಸಿ, ಮತ್ತೆ ಹೋದಾಗ ಒಂದು ಚೀಲ ಕೊಟ್ಟರು. ಒಳಗೆ ಬರೀ ಮಣ್ಣಿನಂಥದೇ ಪುಡಿ. ಅದರಲ್ಲಿ ಬೇರಿನ ಜೊತೆ ಬದುಕುವ ಶಿಲೀಂಧ್ರವಿದೆ, ಅಂದರೆ ಒಂದು ಬಗೆಯ ಬೂಷ್ಟು, ಎಂದರು.

“ಹಪ್ಪಳಕ್ಕ ಬೂಷ್ಟು ಬಂದ್ರ ತಿಪ್ಪಿಗೆ ಒಗೀತೀವ್ರಿ. ಇದನ್ನ ಕೈಯಾರೆ ಸಸಿಗೆ ಹಾಕೂದೇನ್ರಿ?” ಎಂದರು ಅತ್ತೆ.

ಅಧಿಕಾರಿ ನಕ್ಕರು. “ಇದು ಕೊಳೆಸೂ ಬೂಷ್ಟಲ್ರಿ ಅವ್ವಾರ. ಬೇರಿನಾಗ ಮನಿ ಮಾಡಿ, ಕೂದಲಕ್ಕಿಂತ ಸಣ್ಣ ಎಳಿ ಮಣ್ಣಾಗ ಚಾಚತೈತಿ. ಬೇರು ಮುಟ್ಟದ ಕಡೆಯಿಂದ ನೀರು, ಸತ್ವ ತಂದು ಕೊಡತೈತಿ. ಉಪ್ಪು ಎಲಿಗೆ ಏರೂದನ್ನೂ ಒಂದಿಷ್ಟು ತಡೀತೈತಿ.” ಆಮೇಲೆ ಅವರ ಮುಖದ ನಗು ಹೋಯಿತು. “ಆದ್ರ ಮಣ್ಣಾಗಿನ ಉಪ್ಪು ತಗಿಯೂದಿಲ್ಲ ನೋಡ್ರಿ. ಅದಕ್ಕ ಬಸಿಗಾಲುವೆನ ಆಗಬೇಕು. ಒಳಗ ನಿಂತ ನೀರು ಹೊಳೀಗೆ ಹರೀಬೇಕು.”

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಆ ಕೊನೆಯ ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು.

ಆ ಸಲ ಮಡಿಯಲ್ಲಿ ಬೀಜದ ಕೆಳಗೆ ಆ ಪುಡಿ ಹರಡಿದರು. ಅದೇ ತಗ್ಗಿನಲ್ಲಿ ಗಿಡಗಳು ಹಸಿರಾಗಿ ನಿಂತವು. ನಮ್ಮ ಹೊಲಕ್ಕೂ ಹೊಳೆಗೂ ನಡುವೆ ಹೊಲವಿದ್ದ ನೆರೆಯವರೊಬ್ಬರು ದಿನಾ ಬಂದು ನೋಡುತ್ತಿದ್ದರು. ಅವರ ಗಿಡಗಳ ಎಲೆಗಳು ಅಂಚಿನಿಂದ ಸುಟ್ಟುಹೋಗಿದ್ದವು. ಬಸಿಗಾಲುವೆ ತೋಡಿದರೆ ಅವರ ಹೊಲ ಸೀಳಿಕೊಂಡೇ ಹೋಗಬೇಕು, ಅದಕ್ಕೆ ಅವರು ಒಪ್ಪಿರಲಿಲ್ಲ. ಮನಸ್ಸು ಕರಗೀತೆಂದು ಅತ್ತೆ ಮರುವರ್ಷ ತಮ್ಮ ಸಸಿಗಳನ್ನೇ ಅವರಿಗೆ ಕೊಟ್ಟರು. ಅವೂ ನಿಂತವು.

ಆಗ ಅತ್ತೆ ಮತ್ತೆ ಕಾಲುವೆಯ ಮಾತು ತೆಗೆದರು.

“ಯಕ್ಕಾ, ಗಿಡ ಹೆಂಗ ನಿಂತಾವ ನೋಡು. ಇನ್ನ ಯಾಕ ಹೊಲಾ ಸೀಳಬೇಕು?” ಎಂದರು ನೆರೆಯವರು.

“ಗಿಡ ತಡಕೊಂಡೈತಿ ತಮ್ಮಾ. ಉಪ್ಪು ಹೋಗಿಲ್ಲ.”

“ನಿನಗ ಹಸಿರು ಕಂಡ್ರೂ ಅಂಜಿಕಿ.”

ನನ್ನ ಗಂಡನೂ ನಕ್ಕರು. ಅತ್ತೆ ಮನೆಗೆ ಬಂದು ನನ್ನೆದುರು ಕುಳಿತು, “ನಾ ಕೊಟ್ಟ ಸಸಿನ ನನ್ನ ಬಾಯಿ ಮುಚ್ಚಿಸಿದ್ವು ನೋಡವಾ,” ಎಂದರು.

ಮರುದಿನ ಹೊಲದಲ್ಲಿ ತಾವೇ ಗುಂಡಿ ತೋಡಿದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಸುತ್ತಲಿಂದ ನೀರು ಒಸರಿತು. ಮಗನನ್ನು ಕರೆದು ತೋರಿಸಿದರು.

“ಉಪ್ಪುನೀರು ಬೇರಿನ ಬುಡಕ್ಕ ಬಂದು ನಿಂತೈತಿ.”

ನನ್ನ ಗಂಡ ಗುಂಡಿ ನೋಡಿದರು, ಕಾಯಿ ಜೋತಾಡುತ್ತಿದ್ದ ಗಿಡ ನೋಡಿದರು. “ಮುಂದಿನ ವರ್ಷ ನೋಡೂಣು,” ಎಂದರು.

ಅಂದಿನಿಂದ ಅತ್ತೆಗೆ ಬೆಳೆಯಲ್ಲಿ ಸಂತೋಷವಿರಲಿಲ್ಲ. ಕೆಂಪು ಕಾಯಿ ಬಿಡಿಸುವಾಗಲೂ ಕಣ್ಣು ನೆಲದ ಮೇಲೆಯೇ.

ಮುಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ತಗ್ಗಿನ ಹೊಲಗಳಲ್ಲಿ ನೀರು ನಿಂತಿತು. ನೀರಿಳಿದ ಮೇಲೆ ಗಿಡಗಳು ಚೇತರಿಸಿಕೊಂಡವು. ನಾವೂ ಉಸಿರು ಬಿಟ್ಟೆವು. ಆಮೇಲೆ ಬಿಸಿಲು ಬಿತ್ತು. ಮಣ್ಣು ಒಣಗಿದಂತೆಲ್ಲ ಒಳಗಿದ್ದ ಉಪ್ಪು ಮೇಲೆದ್ದಿತು. ಶಿಲೀಂಧ್ರಕ್ಕೂ ತಡೆಯಲಾಗಲಿಲ್ಲ. ನಮ್ಮ ಹೊಲದ ಅರ್ಧ ಹೋಯಿತು. ನೆರೆಯವರ ಹೊಲ ಬದುವಿನಿಂದ ಬದುವಿನವರೆಗೆ ಬೂದಿ ಬಳಿದಂತೆ ಮಲಗಿತ್ತು.

ಅಷ್ಟರಲ್ಲಿ ಅತ್ತೆ ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ನೆರೆಯವರು ಬಂದು ಮಂಚದ ಪಕ್ಕ ನೆಲದ ಮೇಲೆಯೇ ಕುಳಿತರು.

“ಎಲ್ಲಿಂದ ತೋಡಬೇಕು ಹೇಳಕ್ಕಾ.”

ಅತ್ತೆ ಹಳೆಯದನ್ನು ಆಡಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ, ನನ್ನ ಹೆಗಲಿಗೆ ಒರಗಿ, ಕೈಚಾಚಿ ದಾರಿ ತೋರಿಸಿದರು. ಉಸಿರು ಸಾಲದಿದ್ದರೂ, “ನಿನ್ನ ಬಾವಿ ದೂರ ಬಿಟ್ಟು ತೋಡು ತಮ್ಮಾ. ಬಾವಿಗೆ ಉಪ್ಪು ಇಳೀಬಾರದು,” ಎಂದರು.

ಕಾಲುವೆ ಹೊಳೆ ಮುಟ್ಟುವ ಮೊದಲೇ ಅತ್ತೆ ತೀರಿಹೋದರು.

ಮಳೆ ಶುರುವಾದಾಗ ಕಾಲುವೆಯಲ್ಲಿ ಮೊದಲ ಸಲ ನೀರು ಹರಿಯಿತು. ನೆರೆಯವರು ದಂಡೆಗುಂಟ ಹೊಳೆಯವರೆಗೂ ನಡೆದು, ನೀರಿಗೆ ಅಡ್ಡ ಬಿದ್ದಿದ್ದ ಕಸ ತೆಗೆದರು.

ತಗ್ಗಿನ ಹೊಲದಲ್ಲಿ ಒಂದಿಷ್ಟು ಮರಳಿ ಬಂದಿದೆ, ಉಳಿದದ್ದು ಇನ್ನೂ ಬಿಳಿ. ಮಡಿಯಲ್ಲಿ ಬೀಜದ ಕೆಳಗೆ ಆ ಪುಡಿ ಹರಡುವುದು ಈಗ ನನ್ನ ಕೆಲಸ. ಗಿಡ ಚೆನ್ನಾಗಿ ಬಂದಿದೆಯೆಂದು ಯಾರಾದರೂ ಹೊಗಳಿದರೆ ನನಗೂ ಈಗ ಅಂಜಿಕೆ. ಮಾತು ಮುಗಿಸಿ, ಕಾಲುವೆಯಲ್ಲಿ ನೀರು ಹರಿಯುತ್ತಿದೆಯೇ ಎಂದು ನೋಡಿಬರುತ್ತೇನೆ. ಆ ಭಯ ಅತ್ತೆ ನನಗೆ ಕೊಟ್ಟು ಹೋದದ್ದು. ಅದರಿಂದಲೇ ಉಳಿದ ಹೊಲ ಉಳಿದಿದೆ.