ಮಾವನ ಕೊಳದ ತೀರ್ಥ

ಗಾಜಿನ ನಳಿಕೆಗೆ ತುಂಬಿಕೊಂಡ ನೀರಿನಲ್ಲಿ ಒಂದು ಕೂದಲಿತ್ತು. ಬೆರಳಿನ ಗೆಣ್ಣಿನಷ್ಟು ಉದ್ದ. ಬುಡದ ಕಡೆ ಬಿಳಿ, ತುದಿಯ ಕಡೆ ಹಚ್ಚಿದ ಕಪ್ಪು. ನಳಿಕೆ ಅಲುಗಿದಾಗ ಅದು ಜೀವವಿರುವಂತೆ ಬಾಗಿ ಮತ್ತೆ ನೆಟ್ಟಗಾಯಿತು. ತಲೆಗೂ ಮೀಸೆಗೂ ಬಣ್ಣ ಹಚ್ಚುತ್ತಿದ್ದವರು ಅಲ್ಲಿ ನನ್ನ ಸೋದರಮಾವ ಒಬ್ಬರೇ. ಅಂದರೆ, ಯಾರೂ ಇಳಿಯಬಾರದು ಎಂದು ನಾನು ಹೇಳಿದ ಮೇಲೂ ಹಿಂದಿನ ರಾತ್ರಿ ಮಾವ ಕೊಳಕ್ಕೆ ಇಳಿದಿದ್ದರು. ನೀರು ಚೆಲ್ಲಿ, ನಳಿಕೆ ತೊಳೆದು, ಮತ್ತೆ ತುಂಬಿಕೊಂಡೆ. ಒಂದು ಕೂದಲಿನಿಂದ ಪರೀಕ್ಷೆಗೆ ಏನೂ ಆಗುವುದಿಲ್ಲ. ನನಗೆ ಆಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮುಗಿಸಿ ಪಾಂಡವಪುರದ ಮನೆಯಲ್ಲಿ ಅವ್ವನ ಜೊತೆ ಇದ್ದೆ. ಮಾವನಿಗೆ ಕಬ್ಬಿನ ಗದ್ದೆ, ಸ್ವಂತ ಆಲೆಮನೆ. ಬೆಲ್ಲದ ವ್ಯಾಪಾರದಲ್ಲಿ ಕೈ ಕುದುರಿದ ಮೇಲೆ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯ ಪಕ್ಕ ತೆಂಗಿನ ತೋಟದೊಳಗೆ ಒಂದು ಹೋಟೆಲು ಕಟ್ಟಿಸಿ, ಅದರ ಹಿಂದೆ ಈಜುಕೊಳ ತೋಡಿಸಿದ್ದರು. ಮೊದಲ ವರ್ಷವೇ ಕೊಳ ಸೋರಿತು. ಟೈಲ್ಸು ಕಿತ್ತು ಹೊಸದಾಗಿ ಹಾಕಿಸಲು ನೀರು ಖಾಲಿ ಮಾಡಿಸಿದ ದಿನ ನನ್ನನ್ನು ಕರೆಸಿದರು.

ನೀರಿದ್ದಾಗ ನೀಲಿಯಾಗಿ ಕಾಣುತ್ತಿದ್ದ ಆ ತಳವನ್ನು ನಾನು ಅಂದು ನೋಡಬಾರದಿತ್ತು. ಮೂಲೆಯಲ್ಲಿ ಗುಟ್ಕಾ ಚೀಟಿಗಳು ಒಂದಕ್ಕೊಂದು ಅಂಟಿ ದಪ್ಪ ಪದರವಾಗಿದ್ದವು. ಯಾರದೋ ಗಾಯದ ಪಟ್ಟಿ, ಅದರ ಹತ್ತಿ ಉಬ್ಬಿ ಸತ್ತ ಇಲಿಮರಿಯ ಹಾಗೆ ಬಿದ್ದಿತ್ತು. ಜಾಲರಿಯ ಮೇಲೆ ಹೆಣ್ಣುಮಕ್ಕಳ ಉದ್ದ ಕೂದಲು ಹಗ್ಗದಂತೆ ಹೊಸೆದುಕೊಂಡಿತ್ತು, ಅದರ ತುಂಬ ಹಸಿರು ಲೋಳೆ. ಮಧ್ಯಾಹ್ನ ಅತ್ತೆ ಮುದ್ದೆ ಇಟ್ಟು ಸೊಪ್ಪಿನ ಉಪ್ಸಾರು ಬಿಟ್ಟರು. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ತಟ್ಟೆಯ ಹಸಿರು ನೋಡಿ ನುಂಗಲಾಗಲಿಲ್ಲ. ತಲೆನೋವು ಎಂದು ಹೇಳಿ ಎದ್ದೆ.

"ಒರಗಿನೋರ್ನ ಯಾಕೆ ಕರೆಸ್ಲಿ? ಮನೆ ಮಗ್ಳೇ ಓದವ್ಳೆ," ಎಂದರು ಮಾವ. "ನೀರು ತುಂಬುಸ್ತೀನಿ, ನೀನು ನೋಡಿ ಹೂಂ ಅಂದ್ಬುಡು ಸಾಕು. ಟೈಲ್ಸ್ ಕೆಲ್ಸ ಮುಗುದ್ಮೇಲೆ ಬರೋ ಭಾನುವಾರ ಗಂಗೆಪೂಜೆ ಮಾಡ್ಬುಟ್ಟು ನಿಮ್ಮಕ್ಕನ ಮಗೀನ ಮೊದ್ಲು ಇಳಿಸ್ಬುಡ್ತೀನಿ. ಮನೆ ಎಣ್ಮಗ ಕಾಲಿಕ್ಕುದ್ರೆ ಒಳ್ಳೇದು ಕಣವ್ವ."

ಅಕ್ಕನ ಮಗಳಿಗೆ ಆಗ ಏಳು ವರ್ಷ. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಕಾಮಾಲೆಯಾಗಿತ್ತು. ಕಣ್ಣಿನ ಬಿಳಿಭಾಗ ಅರಿಸಿನವಾಗಿ, ಉಂಡದ್ದೆಲ್ಲ ವಾಂತಿಯಾಗಿ, ಶಾಲೆ ಬಿಟ್ಟು ಮಲಗಿದ್ದಳು. ನೀರಿನಿಂದ ಬಂದದ್ದು ಎಂದಿದ್ದರು ಡಾಕ್ಟರು. ಈಗ ಚೇತರಿಸಿಕೊಂಡಿದ್ದರೂ ಕುತ್ತಿಗೆ ಇನ್ನೂ ಕಡ್ಡಿಯ ಹಾಗಿತ್ತು. ಆ ಮಗು ಇಳಿಯುವ ನೀರು ಎಂಬ ಒಂದೇ ಕಾರಣಕ್ಕೆ ನಾನು ಹೂಂ ಅಂದೆ. ವಿಭಾಗದ ಮೇಡಂ ಒಬ್ಬರು ಕ್ಲೋರಿನ್ ಪರೀಕ್ಷೆಯ ಸಣ್ಣ ಪೆಟ್ಟಿಗೆ ಕೊಟ್ಟರು. ಎರಡು ನಳಿಕೆ, ಒಂದು ಸೀಸೆ ದ್ರಾವಣ. ನೀರಿನಲ್ಲಿ ಕ್ಲೋರಿನ್ ಇದ್ದರೆ ದ್ರಾವಣದ ಹನಿ ಬಿದ್ದೊಡನೆ ಹಳದಿಯಾಗುತ್ತದೆ; ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ.

ಬೋರ್‌ವೆಲ್ಲಿಗೆ ಕರೆಂಟು ಸಿಗದ ದಿನಗಳು. ಮಾವ ಡೀಸೆಲ್ ಪಂಪು ಇಟ್ಟು ನಾಲೆಯ ನೀರನ್ನೇ ಹೊಡೆಸಿದರು. ಪಂಪಿನ ಮೇಲುಗಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಬ್ಬ ಎಮ್ಮೆಗಳ ಮೈ ಉಜ್ಜುತ್ತಿದ್ದ. ಅವನಿಗಿಂತ ಮೇಲೆ ಇಬ್ಬರು ಚೊಂಬು ಹಿಡಿದು ಕೂತಿದ್ದರು. ಕೊಳ ತುಂಬಿದಾಗ ನೀರು ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣಕ್ಕಿತ್ತು, ಮೇಲೆ ಡೀಸೆಲ್ಲಿನ ತೆಳ್ಳನೆಯ ಬಣ್ಣದ ಪೊರೆ. ಬೆರಳುದ್ದದ ಮೀನುಗಳೂ ಬಂದುಬಿಟ್ಟಿದ್ದವು. ಮಾವ ಅವನ್ನು ತೋರಿಸಿ ನಕ್ಕರು: "ನೋಡು, ಪಂಪ್ನೋನು ಸಾರಿಗೂ ಎತ್ಕೊಂಡು ಬಂದವ್ನೆ."

ಕ್ರಮ ಕಷ್ಟದ್ದಲ್ಲ. ಪಟಿಕ ಹಾಕಿ ಮಣ್ಣನ್ನು ತಳಕ್ಕೆ ಇಳಿಸಬೇಕು, ಇಳಿದದ್ದನ್ನು ಎಳೆದು ತೆಗೆಯಬೇಕು, ಮರಳಿನ ಫಿಲ್ಟರಿನ ಮೋಟಾರು ಹೋಟೆಲಿನ ಜನರೇಟರಿನಲ್ಲಿ ಬಿಡದೆ ಓಡಬೇಕು. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೂತ ಮೇಲೆ ತಿಳಿಯನ್ನು ಮಾತ್ರ ಬಿಸಿಲಿಳಿದ ಹೊತ್ತಿನಲ್ಲಿ ಸುತ್ತಲೂ ಸುರಿಯಬೇಕು. ಬೆಳಿಗ್ಗೆಯೂ ಕ್ಲೋರಿನ್ ಉಳಿದಿದ್ದು, ತಳದ ಟೈಲ್ಸಿನ ಗೆರೆ ಕಣ್ಣಿಗೆ ಬಿದ್ದರೆ ಇಳಿಯಬಹುದು. ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಆಲೆಮನೆಯಿಂದ ಕರೆತಂದಿದ್ದ ಆಳು ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೇವಿನಕಡ್ಡಿ ಜಗಿಯುತ್ತಿದ್ದ. ನಾನು ಮಾತು ಮುಗಿಸಿದೊಡನೆ ಪಿಚಕ್ಕನೆ ನೀರಿಗೇ ಉಗಿದ.

"ಅಲ್ಲಿಗೆ ಉಗೀಬೇಡಿ," ಅಂದೆ.

"ಬೇವು ಕಣವ್ವ, ಔಸ್ದಿ," ಎಂದ. ಕೊಪ್ಪರಿಗೆಯ ಮುಂದೆ ಕೂತು ಬೆಲ್ಲ ಕಾಯಿಸಿ ಅವನ ಹುಬ್ಬಿನ ಕೂದಲೆಲ್ಲ ಸುಟ್ಟಿತ್ತು. ನೀರನ್ನು ಅಂಗೈಯಲ್ಲಿ ಎತ್ತಿ ನೋಡಿದ. "ಕಬ್ಬಿನಾಲೂ ಇಂಗೇ ಕೆಂಪಿಗಿರ್ತದೆ. ನಾವು ಬೆಳ್ಳುಗೆ ಮಾಡಕಿಲ್ವಾ? ಇದೇನ್ ಮಹಾ."

ಮಾತಿಗೆ ಅಂದದ್ದು ಎಂದುಕೊಂಡೆ.

ಶನಿವಾರ ಸಂಜೆಯ ಹೊತ್ತಿಗೆ ನಳಿಕೆಯಲ್ಲಿ ಹಳದಿ ಬಂದಿತು. ನೀರು ಮಾತ್ರ ಇನ್ನೂ ಮಬ್ಬಾಗಿತ್ತು, ತಳ ಕಾಣುತ್ತಿರಲಿಲ್ಲ. ರಾತ್ರಿಯಿಡೀ ಮೋಟಾರು ಓಡಲಿ, ಇನ್ನೇನನ್ನೂ ಹಾಕಬೇಡಿ, ಯಾರೂ ಇಳಿಯಬೇಡಿ ಎಂದು ಹೇಳಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಪೂಜೆಗೆಂದು ಬಂದಿದ್ದ ಅವ್ವನ ಪಕ್ಕ ಮಲಗಿದೆ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ತಳದ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ನೀರು ಗಾಜಿನ ಹಾಗಿತ್ತು. ಆದರೆ ಬರಬೇಕಾಗಿದ್ದ ಬ್ಲೀಚಿಂಗ್ ವಾಸನೆ ಇರಲಿಲ್ಲ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವ ಗಂಧಕದ ಘಾಟು, ಅದರ ಹಿಂದೆಯೇ ಕೊಳೆತ ಮೊಟ್ಟೆಯಂಥದ್ದೇನೋ. ಮೀನುಗಳು ಒಂದು ಮೂಲೆಗೆ ಸೇರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಾಯಿ ತೆರೆದೇ ಇದ್ದವು. ಅಲ್ಲಿ ನಾನು ನಳಿಕೆಗೆ ನೀರು ತುಂಬಿಕೊಂಡದ್ದು, ಕೂದಲು ಸಿಕ್ಕಿದ್ದು.

ಎರಡನೆಯ ಸಲ ತುಂಬಿದ ನೀರಿಗೆ ದ್ರಾವಣದ ಹನಿ ಬಿಟ್ಟೆ. ಹಳದಿಯ ಸುಳಿವೂ ಬರಲಿಲ್ಲ. ಕೊಳದ ಇನ್ನೊಂದು ತುದಿಗೆ ಹೋಗಿ ನೋಡಿದೆ. ಅಲ್ಲೂ ಇಲ್ಲ.

ಮೋಟಾರು ಮನೆಯ ಹಿಂದೆ ಡಬ್ಬ ಸಿಕ್ಕಿತು. ಹೈಡ್ರೋಸ್. ಆಲೆಮನೆಯಲ್ಲಿ ಬೆಲ್ಲ ಚಿನ್ನದ ಬಣ್ಣಕ್ಕೆ ಬರಲಿ ಎಂದು ಕೊಪ್ಪರಿಗೆಗೆ ಹಾಕುವ ಬಿಳಿ ಪುಡಿ. ಕಪ್ಪು ಬೆಲ್ಲವನ್ನು ಸಂತೆಯಲ್ಲಿ ಯಾರೂ ಮೂಸುವುದಿಲ್ಲ, ಹಾಗಾಗಿ ನಮ್ಮ ಕಡೆ ಆ ಡಬ್ಬ ಇಲ್ಲದ ಆಲೆಮನೆಯೇ ಇರಲಿಲ್ಲ.

"ಇದನ್ನ ಹಾಕಿದಿರಾ?"

"ಪೂರ್ತಿ ಡಬ್ಬ," ಎಂದ ಆಳು, ಹೆಮ್ಮೆಯಿಂದ. "ಗೌಡ್ರೇ ಬುಡ್ಲಾ ಅತ್ಲಾಗೆ ಅಂದ್ರು. ನೋಡವ್ವ, ಎಂಗೆ ಬೆಳ್ಳುಗಾಗೈತೆ!"

ಹೈಡ್ರೋಸ್ ಬಣ್ಣ ತೆಗೆಯುತ್ತದೆ, ನಿಜ. ಜೊತೆಗೆ ನೀರಿನಲ್ಲಿರುವ ಕ್ಲೋರಿನ್ನನ್ನೂ ತಿಂದುಹಾಕುತ್ತದೆ, ಮೀನು ಉಸಿರಾಡುವ ಗಾಳಿಯನ್ನೂ ತಿಂದುಹಾಕುತ್ತದೆ. ಉಳಿದಿದ್ದು ನಾಲೆಯ ನೀರು, ಎಮ್ಮೆಯದೂ ಚೊಂಬು ಹಿಡಿದವರದೂ ಸೇರಿದ್ದು. ಬಣ್ಣ ಮಾತ್ರ ಹೋಗಿತ್ತು. ಇದನ್ನು ಮಾವನಿಗೆ ಎರಡು ಸಲ ಹೇಳಿದೆ. ಅವರು ರೇಷ್ಮೆ ಪಂಚೆ ಉಟ್ಟು ಬಾಳೆಕಂಬ ಕಟ್ಟಿಸುತ್ತಿದ್ದರು.

"ಮೀನೇ ಸತ್ತೋಗವೆ, ಇನ್ನು ಕಣ್ಣಿಗೆ ಕಾಣ್ದ ಉಳ ಉಳ್ಕೊಂಡಾವಾ?" ಎಂದರು. "ರಾತ್ರಿ ನಾನೇ ಇಳ್ದು ಮುಳುಗ್ಬುಟ್ಟು ಬಂದಿವ್ನಿ. ಏನಾಗೋಯ್ತು ನಂಗೆ? ಬಂಧುಗಳು ಬರೋ ಒತ್ನಲ್ಲಿ ಅಪಶಕುನ ಮಾತಾಡ್ಬೇಡ ಮಗ."

ನಾಗಮಂಗಲದಿಂದಲೂ ಕೆ.ಆರ್. ಪೇಟೆಯಿಂದಲೂ ಮೆಟಡೋರಿನಲ್ಲಿ ಬಂಧುಗಳು ಬಂದಿಳಿದರು. ಆಳು ಮೀನುಗಳನ್ನು ಬುಟ್ಟಿಯಲ್ಲಿ ಬಾಚಿ ತೆಂಗಿನ ಬುಡಕ್ಕೆ ಎಸೆದ. ಕೈಯನ್ನು ಅದೇ ಕೊಳದಲ್ಲಿ ತೊಳೆದುಕೊಂಡ. ಅತ್ತೆ ಅಂಚಿನಲ್ಲಿ ಅರಿಸಿನದ ಗಂಗೆ ಮಾಡಿ ಕೂರಿಸಿದರು. ಮೊರದ ಬಾಗಿನ ತೇಲಿಬಿಟ್ಟರು, ಹಾಲು ತುಪ್ಪ ಬಿಟ್ಟರು. ಹಾಲು ನೀರಿನಲ್ಲಿ ಬಿಳಿ ಮೋಡದ ಹಾಗೆ ಹರಡಿತು, ತುಪ್ಪ ಹೊಳೆಯುವ ಬಿಲ್ಲೆಗಳಾಗಿ ತೇಲಿತು, ಅದರ ನಡುವೆ ಕುಂಕುಮ ಕರಗಿ ಕೆಂಪು ಎಳೆಯಾಗಿ ಇಳಿಯಿತು. ನನಗೆ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ನೀರು. ಕೈಕಟ್ಟಿಕೊಂಡು ಹಿಂದೆ ನಿಂತೆ. ಅಕ್ಕನ ಮಗಳು ಹೊಸ ಈಜುಬಟ್ಟೆಯ ಮೇಲೆ ಫ್ರಾಕು ತೊಟ್ಟು ಮೊದಲ ಸಾಲಿನಲ್ಲಿದ್ದಳು, ತಲೆತುಂಬ ಮಲ್ಲಿಗೆ. ಅಕ್ಕನ ಕಿವಿಯಲ್ಲಿ ಬೇಡವೆಂದು ಹೇಳಿದ್ದೆ. "ಮಾವನ ಮಾತು ಎಂಗೆ ತೆಗ್ಯಾದು? ಒಂದ್ಸಲ ಕಾಲು ಅದ್ದಿ ತೆಗುದ್ಬುಡನ ಬುಡು," ಎಂದಿದ್ದಳು ಅಕ್ಕ.

ಪೂಜೆ ಮುಗಿದ ಮೇಲೆ ತೀರ್ಥ ಕೊಡಬೇಕಲ್ಲ. ಅತ್ತೆ ತಾಮ್ರದ ಚೊಂಬನ್ನು ಕೊಳಕ್ಕೇ ಅದ್ದಿ ತುಂಬಿ, ತುಳಸಿ ಹಾಕಿ, ಉದ್ಧರಣೆಯಿಂದ ಒಬ್ಬೊಬ್ಬರ ಅಂಗೈಗೆ ಬಿಡುತ್ತ ಬಂದರು.

ನಾನು ಎಲ್ಲರ ಕತ್ತುಗಳನ್ನು ನೋಡುತ್ತಿದ್ದೆ. ನಾಗಮಂಗಲದ ದೊಡ್ಡಪ್ಪ ಅಂಗೈಯನ್ನು ತುಟಿಯವರೆಗೆ ಒಯ್ದು, ಸುರ್ರೆಂದು ಗಾಳಿ ಎಳೆದು, ನೀರನ್ನು ತಲೆಗೆ ಸವರಿಕೊಂಡರು. ಅವರ ಹೆಂಡತಿ ಬೆರಳ ಸಂದಿಯಿಂದ ಸೋರಲು ಬಿಟ್ಟು ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅವ್ವ ಸೆರಗಿಗೆ ಒರೆಸಿಕೊಂಡಳು. ಮಾವ ಬಹಳ ಭಕ್ತಿಯಿಂದ ಕೈ ಎತ್ತಿದರು. ಬಣ್ಣ ಹಚ್ಚಿದ ಮೀಸೆ ಒದ್ದೆಯಾಗಲಿಲ್ಲ. ಇಡೀ ಸಾಲಿನಲ್ಲಿ ಒಂದು ಗಂಟಲೂ ಅಲುಗಲಿಲ್ಲ. ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಉದ್ಧರಣೆ ಮಗುವಿನ ಹತ್ತಿರ ಬಂತು. ಅವಳು ಎರಡೂ ಕೈ ಜೋಡಿಸಿ ಬೊಗಸೆ ಮಾಡಿದಳು. ಅತ್ತೆ ಪ್ರೀತಿಯಿಂದ ಮೂರು ಸಲ ಬಿಟ್ಟರು. ಮಗು ಬಾಯಿ ತೆರೆಯಿತು.

ನಾನು ಅವಳ ಮಣಿಕಟ್ಟು ಹಿಡಿದು ಕೆಳಕ್ಕೆಳೆದೆ. ನೀರೆಲ್ಲ ಅವಳ ಫ್ರಾಕಿನ ಮೇಲೆ ಚೆಲ್ಲಿತು.

"ಯಾಕವ್ವ? ತೀರ್ಥ ಕಣೇ ಅದು!" ಎಂದರು ಅತ್ತೆ.

"ಯಾರೂ ಕುಡೀಲಿಲ್ಲ ಅತ್ತೆ," ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಇಷ್ಟು ಜನದಲ್ಲಿ ಇವಳೊಬ್ಬಳೇ ಕುಡಿಯೋಕೆ ಹೋಗಿದ್ದು. ಮಾವ, ನೀವೂ ಕುಡೀಲಿಲ್ಲ."

ಕೆ.ಆರ್. ಪೇಟೆಯ ಅಜ್ಜಿ, ಮಾವನ ಚಿಕ್ಕವ್ವ, ಬೊಚ್ಚುಬಾಯಲ್ಲಿ ನಕ್ಕುಬಿಟ್ಟಿತು. "ನಾನೂವೆ ಕುಡೀನಿಲ್ಲ ಕಣ್ಲಾ. ಪಟಾಕಿ ನಾತ ಒಡೀತದೆ. ಎಂಗ್ಲಾ ಕುಡ್ಯಾದು ಅದ?"

ಅಕ್ಕ ಮಗುವನ್ನು ಎತ್ತಿಕೊಂಡು ಹೋಟೆಲಿನ ಕಡೆ ನಡೆದಳು. ಅಂಚಿನಲ್ಲಿ ಚಡ್ಡಿಯಲ್ಲಿ ನಿಂತಿದ್ದ ಉಳಿದ ಮಕ್ಕಳನ್ನೂ ಅವರವರ ತಾಯಂದಿರು ತೋಳು ಹಿಡಿದು ಎಳೆದುಕೊಂಡು ಹೋದರು. ಮಾವ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾಲ್ಕು ಜನದ ಮುಂದೆ ಮಾನ ಕಳ್ದ್ಬುಟ್ಟೆ," ಎಂದರು. ಅವರ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

ಊಟಕ್ಕೆ ಹೋಳಿಗೆಯಿತ್ತು. ಜನ ಹೊಟ್ಟೆತುಂಬ ಉಂಡು, ನೀರಿನ ವಿಷಯ ಎತ್ತದೆ ಮಳೆಯ ಬಗ್ಗೆ, ಸಂಬಂಧಗಳ ಬಗ್ಗೆ ಮಾತಾಡಿದರು. ಕೈ ತೊಳೆಯಲು ಹೋದಾಗ ಮಾವ ಒಳಗೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಬನ್ನಿ ಸಾ, ನಾಳೀಕೆ ಅತ್ಗಂಟೆಗೆ ಬೇಸ್ಗೆ ಕ್ಯಾಂಪಿನ ಇಸ್ಕೂಲ್ ಮಕ್ಳುನ್ನೆಲ್ಲ ಕರ್ಕೊಂಡೇ ಬನ್ನಿ. ನೀರು ಪಸಂದಾಗೈತೆ. ನಮ್ಮನೇಲೇ ಎಂಎಸ್ಸಿ ಓದಿರೋ ಉಡ್ಗಿ ಟೆಸ್ಟು ಮಾಡವ್ಳೆ."

ಅಷ್ಟು ದಿನದಿಂದ ಆ ನೀರನ್ನು ಕಂಡು ಹೇಸಿದ್ದೆ. ಈ ಮಾತಿನ ಮುಂದೆ ಅದು ಏನೂ ಅಲ್ಲ ಅನ್ನಿಸಿತು. ನಮ್ಮ ಮನೆಯ ಮಗು ತಪ್ಪಿಸಿಕೊಂಡಿತು; ನಾಳೆ ಬರುವವು ಬೇರೆಯವರ ಮನೆಯವು. ಒಳಗೆ ಹೋಗಿ ಮಾವನಿಗೆ ಬೇಡವೆಂದೆ. ಅವರು ತಲೆ ಎತ್ತಲಿಲ್ಲ. "ನಿನ್ ಕೆಲ್ಸ ಮುಗೀತು. ಬೆಳಿಗ್ಗೆ ಬಸ್ಸತ್ತು," ಎಂದರು. ಅವ್ವ ನನ್ನ ಕೈ ಹಿಸುಕಿ ಹೊರಗೆ ಕರೆದುಕೊಂಡು ಬಂದಳು. ಅವ್ವನ ಅಂಗೈ ಇನ್ನೂ ಜಿಡ್ಡಾಗಿತ್ತು, ಹೋಳಿಗೆಯ ತುಪ್ಪವೋ ಕೊಳದ್ದೋ.

ಮರುದಿನ ಬೆಳಿಗ್ಗೆ, ಯಾರೂ ಏಳುವ ಮೊದಲು, ಮೋಟಾರು ಮನೆಯ ಹಿಂದಿನ ಗುಂಡಿಗೆ ಇಳಿದೆ. ನೀರು ಹೊರಬಿಡುವ ವಾಲ್ವಿನ ಚಕ್ರಕ್ಕೆ ಕೆಸರು ಮೆತ್ತಿ ಗಟ್ಟಿಯಾಗಿತ್ತು, ಅದರ ಮೇಲೆ ಒಂದು ಕಪ್ಪೆ ಕೂತಿತ್ತು. ಕಪ್ಪೆಯನ್ನು ಕಡ್ಡಿಯಿಂದ ಸರಿಸಿ, ಸೆರಗನ್ನು ಅಂಗೈಗೆ ಸುತ್ತಿಕೊಂಡು, ಎರಡೂ ಕೈಯಿಂದ ತಿರುಗಿಸಿದೆ. ಮೊದಲು ಅಲುಗಲಿಲ್ಲ, ಆಮೇಲೆ ಕಿರುಗುಟ್ಟಿ ಬಿಟ್ಟುಕೊಟ್ಟಿತು. ತೆಂಗಿನ ತೋಟದ ಕಾಲುವೆಯಲ್ಲಿ ನೀರು ನುಗ್ಗಿತು, ಹಾಲಿನ ಹುಳಿ ವಾಸನೆ, ವೀಳ್ಯದೆಲೆ, ಮಲ್ಲಿಗೆ ಎಲ್ಲವನ್ನೂ ಹೊತ್ತುಕೊಂಡು. ಕೊಳದ ಅಂಚಿಗೆ ಬಂದು ನಿಂತು, ಮಕ್ಕಳು ಬರುವ ಹೊತ್ತಿಗೆ ಮತ್ತೆ ತುಂಬಿಸಲಾರದಷ್ಟು ಇಳಿಯುವವರೆಗೂ ಕಾದೆ. ಬಾಗಿನದ ಮೊರ ತಳಕ್ಕೆ ತಾಗಿ ಓರೆಯಾಗಿ ನಿಂತಾಗ ನಲ್ಲಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಂಡೆ, ನಳಿಕೆಗಳ ಪೆಟ್ಟಿಗೆ ಎತ್ತಿಕೊಂಡು ಹೆದ್ದಾರಿಗೆ ನಡೆದು, ಪಾಂಡವಪುರದ ಮೊದಲ ಬಸ್ಸಿಗೆ ಕೈ ತೋರಿಸಿದೆ.